ಉಳಿತಾಯ ಮೇ ತಿಂಗಳಲ್ಲೇ ಯಾಕೆ ನಿಂತುಹೋಗುತ್ತದೆ?

ಪ್ರಶ್ನೆ: ನಾವು ಹಾಸನದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಾನು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, ಸಂಬಳ 14,500. ನಮ್ಮ ಯಜಮಾನರದ್ದು ಗೂಡ್ಸ್ ಆಟೊ. ಡೀಸೆಲ್, ಕಂತು ಎಲ್ಲ ಕಳೆದು ತಿಂಗಳಿಗೆ 15ರಿಂದ 20 ಸಾವಿರ ಉಳಿಯುತ್ತದೆ, ಆದರೆ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರಲ್ಲ. ಮಗ ಏಳನೇ ಕ್ಲಾಸು, ಮಗಳಿಗೆ ಎಂಟು ವರ್ಷ. ಉಳಿತಾಯ ಮಾಡಬೇಕೆಂದು ಎಷ್ಟೋ ಸಲ ಶುರು ಮಾಡಿದ್ದೇವೆ. ತಿಂಗಳಿಗೆ 2,000 ಆರ್‌ಡಿ ಕಟ್ಟುತ್ತಿದ್ದೆವು, ಹೋದ ವರ್ಷ ಜೂನ್‌ನಲ್ಲಿ ಮುರಿಸಿದೆವು. ಚಿನ್ನದಂಗಡಿಯ ಸ್ಕೀಮು ಐದನೇ ತಿಂಗಳಿಗೆ, ಗೌರಿ ಹಬ್ಬದ ಹೊತ್ತಿಗೆ ನಿಂತಿತು. ಗೋಲಕ ಒಡೆದದ್ದು ನಾದಿನಿ ಮದುವೆಗೆ. ಈ ವರ್ಷ ಜನವರಿಯಿಂದ ಮೊಬೈಲಲ್ಲಿ ನೋಡಿದ 52 ವಾರದ ಆಟ ಆಡಿದೆವು. ಮೊದಲ ವಾರ 10 ರೂಪಾಯಿ, ಎರಡನೇ ವಾರ 20, ಹೀಗೆ. 19ನೇ ವಾರಕ್ಕೆ ಅದೂ ಮುಗಿಯಿತು. ಯಜಮಾನರು “ದುಡ್ಡಿದ್ದರೆ ತಾನೇ ಉಳಿಸೋದು” ಅಂತಾರೆ. ನಮಗೆ ಶಿಸ್ತೇ ಇಲ್ವಾ? ಮನೆಯವರೆಲ್ಲ ಖುಷಿಯಿಂದ, ನಿಲ್ಲಿಸದೆ ಮಾಡುವಂಥ ದಾರಿ ಇದೆಯಾ? ಅಂಗಡಿ ಪಕ್ಕದವರೊಬ್ಬರು ಎರಡು ಲಕ್ಷದ ಚೀಟಿಗೆ ಸೇರಿ ಅಂತಿದ್ದಾರೆ, ಸೇರಲಾ? ಹೇಳುವುದು ಮರೆತೆ, 30,000 ಕೈಸಾಲ ಇದೆ, ಮೂರು ರೂಪಾಯಿ ಬಡ್ಡಿ.
— ಒಬ್ಬ ಓದುಗರು, ಹಾಸನ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದುಡ್ಡು ಎಲ್ಲಿಡಬೇಕು ಅನ್ನುವುದಕ್ಕಿಂತ ಬೇರೆ ಒಂದು ವಿಷಯ ನಿಮ್ಮನ್ನು ಕೊರೆಯುತ್ತಿದೆ. “ನಾವೇ ಸರಿಯಿಲ್ವೇನೋ” ಅನ್ನುವ ಅನುಮಾನ. ಮೊದಲು ಅದನ್ನು ಬಗೆಹರಿಸೋಣ.

ನೀವೇ ಕೊಟ್ಟಿರುವ ತಾರೀಖುಗಳನ್ನು ನೋಡಿ. ಜನವರಿಯಲ್ಲಿ ಶುರುವಾದ ಆಟದ 19ನೇ ವಾರ ಅಂದರೆ ಮೇ ಎರಡನೇ ವಾರ. ಆರ್‌ಡಿ ಮುರಿದದ್ದು ಜೂನ್. ಎರಡೂ ಸ್ಕೂಲು ಶುರುವಾಗುವ ಸಮಯ. ಸ್ಕೀಮು ನಿಂತದ್ದು ಗೌರಿ ಹಬ್ಬಕ್ಕೆ, ಗೋಲಕ ಒಡೆದದ್ದು ಮದುವೆಗೆ. ಇದರಲ್ಲಿ ಒಂದಾದರೂ ದುಂದುವೆಚ್ಚ ಇದೆಯಾ? ಒಂದಾದರೂ ಅಚಾನಕ್ಕಾಗಿ ಬಂದದ್ದಿದೆಯಾ? ಜೂನ್‌ನಲ್ಲಿ ಸ್ಕೂಲು ಪ್ರತಿ ವರ್ಷ ತೆರೆಯುತ್ತದೆ. ಗೌರಿ ಪ್ರತಿ ವರ್ಷ ಬರುತ್ತಾಳೆ.

ಹಾಸನ, ಚಿಕ್ಕಮಗಳೂರು ಎರಡೂ ಕಡೆಯ ಶಾಖೆಗಳಲ್ಲಿ ಸೇರಿ ನಾನು 31 ವರ್ಷ ಬ್ಯಾಂಕ್ ಕೌಂಟರಿನ ಒಳಗೆ ಕೂತವನು. ಆರ್‌ಡಿ ಮುರಿಸಲು ಬರುವವರ ಸಾಲು ಮೇ ಕೊನೆ, ಜೂನ್ ಮೊದಲ ವಾರ ಉದ್ದವಾಗುತ್ತಿತ್ತು. ಅರ್ಜಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ “ತುರ್ತು ಅಗತ್ಯ” ಅಂತ ಇರುತ್ತಿತ್ತು. ಕೈಯಲ್ಲಿ ಸ್ಕೂಲಿನ ಫೀ ಚಲನ್ ಇರುತ್ತಿತ್ತು.

ಒಂದು ಸಣ್ಣ ಲೆಕ್ಕ ಹಾಕೋಣ. ನಿಮ್ಮಂಥ ಮನೆಗೆ ಹೀಗಿರಬಹುದು ಅಂತ ಅಂದಾಜು ಮಾಡಿದ್ದೇನೆ, ನಿಮ್ಮ ಅಂಕಿ ಹಾಕಿಕೊಂಡು ತಿದ್ದಿ. ಇಬ್ಬರು ಮಕ್ಕಳ ಫೀ, ಪುಸ್ತಕ, ಯೂನಿಫಾರ್ಮು, ಶೂ ಸೇರಿ 22,000. ಆಟೊ ಇನ್ಶೂರೆನ್ಸು, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟು) ಖರ್ಚು 13,000. ಗೌರಿ-ಗಣೇಶ, ದೀಪಾವಳಿ, ಊರ ಜಾತ್ರೆ 8,000. ಮುಯ್ಯಿ, ನಾಮಕರಣ, ಗೃಹಪ್ರವೇಶ ಅಂತ 5,000. ಒಟ್ಟು 48,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 4,000.

ಈ 4,000 ಉಳಿತಾಯವೇ ಅಲ್ಲ. ಮುಂದೆ ಕೊಡಬೇಕಾದ ಬಾಕಿ. ಅದನ್ನು ತೆಗೆದಿಡದೆ ನೀವು ತಿಂಗಳಿಗೆ 2,000 “ಉಳಿಸಲು” ಹೋದಿರಿ. ಬಾಕಿ ವಸೂಲಿಗೆ ಬಂದ ದಿನ ಆ 2,000ದ ಗಂಟಿಗೇ ಕೈಹಾಕಬೇಕಾಯಿತು. ಬೇರೆ ಗಂಟು ಎಲ್ಲಿತ್ತು? ಶಿಸ್ತಿನ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ.

ಇನ್ನು ಕೆಲವು ನಂಬಿಕೆಗಳು. ನಿಮ್ಮ ಯಜಮಾನರ ಮಾತಿನಿಂದಲೇ ಶುರು ಮಾಡುತ್ತೇನೆ, ಬೇಜಾರು ಮಾಡಿಕೊಳ್ಳಬಾರದು. ದುಡ್ಡಿದ್ದರೆ ತಾನೇ ಉಳಿಸೋದು ಅನ್ನುವುದು ಅರ್ಧ ನಿಜ. ತೀರಾ ಕೈಯಲ್ಲಿಲ್ಲದವರಿಗೆ “ಉಳಿಸಿ” ಅಂತ ಹೇಳುವುದು ಕ್ರೂರ. ಆದರೆ ಉಳಿದರ್ಧ ನಾನು ಚಿಕ್ಕಮಗಳೂರಿನಲ್ಲಿದ್ದಾಗ ಕಂಡದ್ದು. ಕಾಫಿ ಬೆಳೆಗಾರರಿಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಕೊಯ್ಲು ಮುಗಿದು ಕಾಫಿ ಮಾರಿದಾಗ. ಫೆಬ್ರವರಿ, ಮಾರ್ಚ್‌ನಲ್ಲಿ ಲಕ್ಷಗಟ್ಟಲೆ ಜಮಾ ಮಾಡಲು ಬಂದವರೇ ಆಗಸ್ಟ್ ಮಳೆಯಲ್ಲಿ ಛತ್ರಿ ಮಡಚುತ್ತಾ ಚಿನ್ನದ ಸಾಲಕ್ಕೆ ಬರುತ್ತಿದ್ದರು. ನಿಮ್ಮ ಐದು ಪಟ್ಟು ಆದಾಯದವರು. ದುಡ್ಡು ಜಾಸ್ತಿ ಆದರೆ ಉಳಿತಾಯ ತಾನಾಗಿ ಆಗುತ್ತದೆ ಅನ್ನುವುದನ್ನು ನಾನು ಅಲ್ಲೇ ಬಿಟ್ಟೆ.

ಎರಡನೆಯದು, 21 ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅನ್ನುವ ಮಾತು. ಇದು 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ ಬರೆದದ್ದರಿಂದ ಹಬ್ಬಿದ್ದು. ರೋಗಿಗಳಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆಯೆಂದರೂ ಮೂರು ವಾರ ಬೇಕು ಅಂತ ಅವರು ಗಮನಿಸಿದ್ದರು. ಅದಕ್ಕೂ ಆರ್‌ಡಿಗೂ ಏನು ಸಂಬಂಧ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಇಟ್ಟುಕೊಂಡು ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಾ ಮಾಡುವ ಒಂದು ಸಣ್ಣ ಕೆಲಸ ಅಭ್ಯಾಸವಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕು ಅನ್ನುವ ಲೆಕ್ಕ ಬಂತು. ಮಧ್ಯೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ ಅನ್ನುವುದೂ ಅದರಲ್ಲೇ ಕಂಡಿತು.

ನನಗೆ ಇಲ್ಲಿ ಹೊಳೆಯುವುದು ಇಷ್ಟು. ತಿಂಗಳಿಗೊಮ್ಮೆ ಮಾಡುವ ಕೆಲಸವನ್ನು 66 ಸಲ ಮಾಡಲು ಐದೂವರೆ ವರ್ಷ ಬೇಕು. ತಿಂಗಳ ಉಳಿತಾಯ ಅಭ್ಯಾಸ ಆಗಲಿ ಅಂತ ಕಾಯುವುದೇ ದಂಡ. ಅದನ್ನು ಬ್ಯಾಂಕಿನ ಕಂಪ್ಯೂಟರಿಗೆ ಒಪ್ಪಿಸಬೇಕು, ಸಂಬಳದ ಮಾರನೇ ದಿನ ತಾನೇ ಕಡಿತವಾಗುವ ಹಾಗೆ. ಮನುಷ್ಯರಿಗೆ ಅಭ್ಯಾಸ ಆಗುವುದು ದಿನಾ ಮಾಡುವ ಕೆಲಸ.

ಕಾಫಿ ಬಿಡಿ, ಹೊರಗಡೆ ದೋಸೆ ಬಿಡಿ ಅನ್ನುವ ಉಪದೇಶದ ಬಗ್ಗೆ ಹೆಚ್ಚು ಹೇಳಲ್ಲ. ಕಾಫಿ ನಾಡಲ್ಲಿ ಕೂತು ಕಾಫಿ ಬಿಡಿ ಅಂದರೆ ಯಾರು ಕೇಳುತ್ತಾರೆ? ಸಣ್ಣ ಖುಷಿ ಕಿತ್ತುಕೊಂಡ ಉಳಿತಾಯ ಎರಡು ತಿಂಗಳೂ ಬಾಳಿದ್ದನ್ನು ನಾನು ನೋಡಿಲ್ಲ.

ಇನ್ನು ನಿಲ್ಲಿಸದೆ ಮಾಡುವುದು ಹೇಗೆ ಅನ್ನುವುದಕ್ಕೆ ಬರುತ್ತೇನೆ. ಬೇಲೂರು ತಾಲ್ಲೂಕಿನ ನಮ್ಮೂರಲ್ಲಿ ನಮ್ಮಜ್ಜಿ ಮುಡಿಪು ಕಟ್ಟುತ್ತಿದ್ದರು. ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದ ಬಿಳಿ ಬಟ್ಟೆಯ ತುಂಡು. ಅದರೊಳಗೆ ನಾಣ್ಯ ಇಟ್ಟು, ಗಂಟು ಹಾಕಿ, “ಮಂಜುನಾಥ, ಇದು ನಿಂದು” ಅಂತ ದೇವರ ಗೂಡಿನ ಮೊಳೆಗೆ ನೇತುಹಾಕುತ್ತಿದ್ದರು. ಗಂಟು ದಪ್ಪವಾಗುತ್ತಾ ಹೋಗುತ್ತಿತ್ತು. ಒಂದು ವರ್ಷ ಆಲೂಗೆಡ್ಡೆ ಬಿತ್ತನೆ ಬೀಜಕ್ಕೆ ದುಡ್ಡು ಸಾಲದೆ ಅಪ್ಪ ಅದರ ಕಡೆ ನೋಡಿದರು. ಬರೀ ನೋಡಿದರು. ಅಜ್ಜಿ ಎದ್ದು ಹೋಗಿ ಪಕ್ಕದ ಮನೆಯಲ್ಲಿ ಸಾಲ ಕೇಳಿ ತಂದರೇ ಹೊರತು ಮುಡಿಪು ಬಿಚ್ಚಲಿಲ್ಲ. ಬೀಗ ಇರಲಿಲ್ಲ. ಅದಕ್ಕೊಂದು ಹೆಸರಿತ್ತು, ಅಷ್ಟೇ.

ನಿಮ್ಮ ಆರ್‌ಡಿಗೆ ಏನು ಹೆಸರಿತ್ತು? “ಉಳಿತಾಯ”. ಹೆಸರಿಲ್ಲದ ದುಡ್ಡು ಎಲ್ಲರ ದುಡ್ಡು. ಫೋನಲ್ಲಿ ಕಾಣುವ ಬ್ಯಾಲೆನ್ಸ್ ಇನ್ನೂ ಕಷ್ಟ. ಸ್ಕೂಲಿನದು, ಗಾಡಿಯದು, ಅಕ್ಕಿಯದು ಎಲ್ಲ ಸೇರಿ ಒಂದೇ ಅಂಕಿ. 2016ರಲ್ಲಿ ಯುಪಿಐ ಬಂದ ಮೇಲೆ ಖರ್ಚು ಮಾಡಲು ಎರಡು ಸೆಕೆಂಡು ಸಾಕು. ನನಗೂ ಅದು ಬೇಕು, ದೂರುತ್ತಿಲ್ಲ. ಆದರೆ ನೋಟು ಎಣಿಸಿ ಕೊಡುವಾಗ ಕೈಗೆ ಗೊತ್ತಾಗುತ್ತಿದ್ದದ್ದು ಈಗ ಗೊತ್ತಾಗಲ್ಲ.

ಹಾಗಾಗಿ ಮೊದಲು ಮನೆಯಲ್ಲಿ ಮೂರು ಮುಡಿಪು ಮಾಡಿ. ಹಾರ್ಲಿಕ್ಸ್ ಬಾಟಲಿ ಆದರೂ ಸರಿ, ಹಳೇ ಮದುವೆ ಪತ್ರಿಕೆಯ ಕವರಾದರೂ ಸರಿ. “ಸ್ಕೂಲು”, “ಗಾಡಿ”, “ಹಬ್ಬ”. ಹೆಸರನ್ನು ಮಕ್ಕಳ ಕೈಯಲ್ಲೇ ಬರೆಸಿ. ಮಗಳು “ಹಬ್ಬ” ಅನ್ನುವುದರ ಪಕ್ಕ ಗಣಪತಿ ಬರೆದರೆ ಅದನ್ನು ಬರೆದವಳ ಕಣ್ಣೆದುರು ತೆಗೆಯಲು ನಿಮಗೇ ಕೈ ಬರಲ್ಲ. ಆದರೆ ಜಾಸ್ತಿ ನಗದು ಮನೆಯಲ್ಲಿಡಬೇಡಿ. ಕಳ್ಳರ ಮಾತು ಬಿಡಿ, ನಾವೇ ಸಾಕು. ಎರಡು ವಾರಕ್ಕೊಮ್ಮೆ ಬಾಟಲಿ ಖಾಲಿ ಮಾಡಿ ಬೇರೆ ಒಂದು ಉಳಿತಾಯ ಖಾತೆಗೆ ಕಟ್ಟಿ. ಆ ಖಾತೆಗೆ ಎಟಿಎಂ ಕಾರ್ಡ್ ಬೇಡ, ಯುಪಿಐಗೆ ಜೋಡಿಸುವುದೂ ಬೇಡ. ದುಡ್ಡು ತೆಗೆಯಲು ಶಾಖೆಗೆ ಹೋಗಿ ಚಲನ್ ಬರೆಯಬೇಕು. ಆ ಅರ್ಧ ಗಂಟೆಯ ತಾಪತ್ರಯವೇ ನಿಮ್ಮ ಬೀಗ.

ದಿನದ ಕೆಲಸ ನಿಮ್ಮ ಯಜಮಾನರಿಗೆ. ಗಾಡಿ ಓಡಿಸುವವರಿಗೆ ಬೋಣಿ ಗೊತ್ತು. ಮೊದಲ ಬಾಡಿಗೆಯ ದುಡ್ಡನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕುವುದು ಮಾಮೂಲಿ. ಆ ಬೋಣಿಯಿಂದ 60 ರೂಪಾಯಿ ತೆಗೆದು ಬೇರೆ ಜೇಬಿಗೆ ಹಾಕಲಿ. ದಿನದ ಕೊನೆಗೆ ಉಳಿದದ್ದರಿಂದ ತೆಗೆಯುತ್ತೇನೆ ಅಂದರೆ ಆಗಲ್ಲ, ಸಂಜೆಗೆ ಉಳಿಯುವುದು ಬರೀ ಚಿಲ್ಲರೆ. ಗಾಡಿ ಹೋಗದ ದಿನ ಏನೂ ಹಾಕುವುದು ಬೇಡ, ಮಾರನೇ ದಿನ ಎರಡರಷ್ಟು ಹಾಕುವ ಶಿಕ್ಷೆಯೂ ಬೇಡ. ತಿಂಗಳಿಗೆ 25 ದಿನ ಗಾಡಿ ಓಡಿದರೆ 1,500 ಆಯಿತು. ನಿಮಗೆ ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಅದು ಬಂದ ಹಾಗೇ “ಸ್ಕೂಲು” ಮುಡಿಪಿಗೆ ಹೋಗಲಿ. ಒಮ್ಮೊಮ್ಮೆ ತಡವಾಗಿ ಬರುವ ದುಡ್ಡದು, ಅದನ್ನು ನಂಬಿ ದಿನಸಿ ಬರೆಸಬಾರದು. ನಿಮ್ಮ ಸಂಬಳದಿಂದ 500. ಸೇರಿಸಿ ನೋಡಿ, 4,000 ಬಂತು. ಗೃಹಲಕ್ಷ್ಮಿ ಇಲ್ಲದಿದ್ದರೆ ಪೂರ್ತಿ ಬರಲ್ಲ. ಆಗ ಬಂದಷ್ಟನ್ನು ಮೊದಲು “ಸ್ಕೂಲಿ”ಗೆ ಹಾಕಿ, ಹಬ್ಬ ಸ್ವಲ್ಪ ಸಣ್ಣದಾಗಲಿ.

52 ವಾರದ ಆಟ ಕೆಟ್ಟದ್ದೇನಲ್ಲ, ಜೋಡಣೆ ತಪ್ಪು. 10ರಿಂದ 520ರವರೆಗೆ ಹೋದರೆ ವರ್ಷಕ್ಕೆ 13,780 ಆಗುತ್ತದೆ. ಆದರೆ ಹುಮ್ಮಸ್ಸಿರುವ ಜನವರಿಯಲ್ಲಿ ಹತ್ತು ಇಪ್ಪತ್ತು ಕೇಳಿ, ಸುಸ್ತಾದ ಕೊನೆಯ ನಾಲ್ಕು ವಾರದಲ್ಲಿ 2,020 ಕೇಳುತ್ತದೆ. ಹಾಗೆ ಮಾಡಬೇಡಿ. ಒಂದು ಡ್ರಾಯಿಂಗ್ ಶೀಟಿನಲ್ಲಿ 52 ಮನೆ ಬರೆದು ಪ್ರತಿ ಮನೆಯಲ್ಲೂ ಒಂದೊಂದು ಅಂಕಿ ತುಂಬಿಸಿ, ಬೀರು ಬಾಗಿಲಿಗೆ ಅಂಟಿಸಿ. ವಾರಕ್ಕೊಂದು ಮನೆ, ಯಾವುದಾದರೂ ಸರಿ. ಗಾಡಿಗೆ ಒಳ್ಳೇ ಬಾಡಿಗೆ ಸಿಕ್ಕ ವಾರ 500ರ ಮನೆಗೆ ಬಣ್ಣ. ಸ್ಕೂಲು ಶುರುವಾದ ವಾರ 10ರದ್ದಕ್ಕೆ. ಮೊತ್ತ ಅದೇ 13,780. ಮಕ್ಕಳು ಭಾನುವಾರ ಬೆಳಿಗ್ಗೆ ಸ್ಕೆಚ್ ಪೆನ್ನು ಹಿಡಿದು ಕಾಯುತ್ತಾರೆ, ನೀವು ಮರೆತರೂ ಅವರು ಬಿಡಲ್ಲ. ನನ್ನ ತಂಗಿಯ ಮನೆಯಲ್ಲಿ 490, 480ರ ಮನೆಗಳು ಕೊನೆಯವರೆಗೂ ಖಾಲಿ ಉಳಿದು ಮೊಮ್ಮಗ ಅಜ್ಜನನ್ನು ಕಾಡಿ ತುಂಬಿಸಿಕೊಂಡ. ಹತ್ತು ಮನೆ ತುಂಬಿದಾಗಲೆಲ್ಲ ಒಂದಷ್ಟು ದುಡ್ಡು ಖರ್ಚು ಮಾಡಿ, ಅದೂ ಆಟದ ನಿಯಮವೇ. ಬೇಲೂರಿಗೋ ಚಿಕ್ಕಮಗಳೂರಿಗೋ ಹೋಗಿ ಬನ್ನಿ. ಸಾರಿಗೆಯ ಸಾಮಾನ್ಯ ಬಸ್ಸಲ್ಲಿ ನಿಮಗೂ ಮಗಳಿಗೂ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ. ಅಪ್ಪ ಮಗ ಟಿಕೆಟ್ ತಗೊಂಡು ಗೊಣಗುವುದು ಬೋನಸ್ಸು.

ಇನ್ನು ದುಡ್ಡು ಇಡುವ ಜಾಗಗಳು. ಪಿಗ್ಮಿ ನಿಮಗೆ ಹೊಂದುತ್ತದೆ. ಉಡುಪಿಯ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಇದನ್ನು ಶುರು ಮಾಡಿದಾಗ ದಿನಕ್ಕೆ ಎರಡಾಣೆ, ಏಜೆಂಟರು ಮನೆ ಬಾಗಿಲಿಗೆ ಬಂದು ಕೇಳುತ್ತಿದ್ದರು. ಅದರ ಗುಟ್ಟು ಬಡ್ಡಿಯಲ್ಲಿರಲಿಲ್ಲ, ಬಂದು ಕೇಳುವ ಆ ಮನುಷ್ಯನಲ್ಲಿತ್ತು. ಈಗಲೂ ಕಟ್ಟಿನಕೆರೆ ಮಾರ್ಕೆಟ್ಟಿನ ಕಡೆ ಸಂಜೆ ಹೋದರೆ ನೋಡಬಹುದು, ಹೂವಿನವರು ಮೊಳ ಹಾಕುತ್ತಲೇ ಒಂದು ಕೈಯಲ್ಲಿ 50ರ ನೋಟು ಚಾಚುತ್ತಾರೆ, ಪಿಗ್ಮಿಯವರ ಕೈಮಿಷನ್ನು ಕಿರ್ರೆಂದು ಚೀಟಿ ಕಕ್ಕುತ್ತದೆ. ಎರಡು ಎಚ್ಚರಿಕೆ ಮಾತ್ರ. ಆ ಚೀಟಿಯೋ ಮೆಸೇಜೋ ಬಾರದೆ ದುಡ್ಡು ಕೊಡಬೇಡಿ, ತಿಂಗಳಿಗೊಮ್ಮೆ ಕಚೇರಿಗೇ ಹೋಗಿ ಬಾಕಿ ತಾಳೆ ನೋಡಿ. ಮತ್ತೆ, ಬ್ಯಾಂಕು ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ವಿಮೆ ಇದೆ. ಅದು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕು ಸೇರಿ. ಪತ್ತಿನ ಸಹಕಾರ ಸಂಘಕ್ಕೆ ಆ ವಿಮೆ ಇಲ್ಲ. ಬೋರ್ಡಿನಲ್ಲಿ “ಬ್ಯಾಂಕ್” ಇದೆಯಾ, “ಸಂಘ” ಇದೆಯಾ ಓದಿ. ಸಂಘಗಳೆಲ್ಲ ಕೆಟ್ಟವು ಅಂತ ಅಲ್ಲ, ವರ್ಷದ ಗಂಟು ಪೂರ್ತಿ ಅಲ್ಲಿಡಬೇಡಿ.

ಅಂಚೆ ಕಚೇರಿ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಶುರು, ಐದು ವರ್ಷ. ಈಗ ನಾನು ಬರೆಯುವಾಗ ಬಡ್ಡಿ 6.7. ತಿಂಗಳಿಗೆ 1,000 ಕಟ್ಟಿದರೆ 60,000ಕ್ಕೆ ಸುಮಾರು 71,000 ಬರುತ್ತದೆ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಒಂದು ವರ್ಷದ ಕಂತು ಕಟ್ಟಿದ ಮೇಲೆ ಕಟ್ಟಿದ್ದರ ಅರ್ಧದಷ್ಟು ಸಾಲ ಸಿಗುತ್ತದೆ, ಮುರಿಸುವ ಬದಲು ಇದನ್ನು ಕೇಳಿ. ಮೂರು ವರ್ಷಕ್ಕೆ ಮುಂಚೆ ಮುರಿಸಲು ಬರುವುದಿಲ್ಲ. ನಿಮಗೆ ಇದು ವರವೋ ಶಾಪವೋ ನೀವೇ ಯೋಚಿಸಿ. 2,000ದಿಂದ ಶುರು ಮಾಡಬೇಡಿ, 300 ಸಾಕು. ಸ್ಕೂಲಿನ ದುಡ್ಡಂತೂ ಇದರಲ್ಲಿ ಬೇಡವೇ ಬೇಡ.

ಚಿನ್ನದಂಗಡಿಯ ಸ್ಕೀಮು ಯಾಕೆ ಹನ್ನೊಂದೇ ತಿಂಗಳು ಗೊತ್ತಾ? ಸಾಮಾನಿಗೆ ಮುಂಗಡ ಅಂತ ಪಡೆದ ದುಡ್ಡಿಗೆ ಕಂಪನಿ 365 ದಿನದೊಳಗೆ ಸಾಮಾನು ಕೊಡಬೇಕು, ಇಲ್ಲದಿದ್ದರೆ ಕಾನೂನು ಅದನ್ನು ಠೇವಣಿ ಅನ್ನುತ್ತದೆ. ಅಂದರೆ ನೀವು ಅಲ್ಲಿ ಉಳಿಸುತ್ತಿಲ್ಲ, ಒಡವೆಗೆ ಮುಂಗಡ ಕೊಡುತ್ತಿದ್ದೀರಿ. ಕೊನೆಗೆ ಸಿಗುವುದು ಒಡವೆ, ಅದರಲ್ಲಿ ಮಜೂರಿ, ವೇಸ್ಟೇಜ್ ಇರುತ್ತದೆ. ಠೇವಣಿ ವಿಮೆ ಇದಕ್ಕಿಲ್ಲ. ಮಗಳಿಗೆ ಓಲೆ ಬೇಕೆಂದಿದ್ದರೆ ಧಾರಾಳವಾಗಿ ಕಟ್ಟಿ. ಐದು ತಿಂಗಳು ಕಟ್ಟಿದ ದುಡ್ಡು ಅಲ್ಲೇ ಇದ್ದರೆ ಹೋಗಿ ಕೇಳಿ, ಬೋನಸ್ ಹೋದರೂ ಕಟ್ಟಿದ್ದರ ಬೆಲೆಗೆ ಒಡವೆ ಸಿಗಬೇಕು.

ಚೀಟಿ ಬಗ್ಗೆ ನಾನು ತಟಸ್ಥನಾಗಿ ಮಾತಾಡಲಾರೆ. ಬ್ಯಾಂಕಿನಲ್ಲಿದ್ದೂ ಚೀಟಿ ಹಾಕಿ ಕಳೆದುಕೊಂಡವನು ನಾನು. ತಿಂಗಳಿಗೆ 500, ಹದಿನಾಲ್ಕು ಕಂತು ಕಟ್ಟಿದ್ದೆ. ಹದಿನೈದನೆಯದು ಕೊಡಲು ಹೋದಾಗ ಅವರ ಮನೆಗೆ ಬೀಗ. 7,000 ಹೋಯಿತು, ಆಗ ಅದು ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಒಳ್ಳೇ ಮನುಷ್ಯರೇ, ಮೊದಲೇ ಚೀಟಿ ಎತ್ತಿದ ನಾಲ್ಕು ಜನ ಕಟ್ಟುವುದು ನಿಲ್ಲಿಸಿದಾಗ ತುಂಬಿಕೊಡಲಾಗದೆ ಊರು ಬಿಟ್ಟರು. ಚೀಟಿಯ ಅಪಾಯ ಇರುವುದೇ ಇಲ್ಲಿ. ಬೇಗ ಎತ್ತುವವರು ಸಾಲಗಾರರು, ಕೊನೆಗೆ ಎತ್ತುವವರು ಉಳಿತಾಯದವರು. ನೀವು ಉಳಿತಾಯಕ್ಕೆ ಸೇರಿದರೆ ಸಾಲಗಾರರೆಲ್ಲ ಕೊನೆಯವರೆಗೆ ಕಟ್ಟುತ್ತಾರೆ ಅನ್ನುವುದರ ಮೇಲೆ ನಿಮ್ಮ ದುಡ್ಡು ನಿಂತಿರುತ್ತದೆ. 1982ರ ಚಿಟ್ ಫಂಡ್ ಕಾಯ್ದೆಯಲ್ಲಿ ನೋಂದಣಿ ಆದ ಚೀಟಿಗೆ ಲೆಕ್ಕಪತ್ರ ಇರುತ್ತದೆ, ನಡೆಸುವವರ ಕಮಿಷನ್ ನೂರಕ್ಕೆ ಏಳು ಮೀರುವಂತಿಲ್ಲ, ದೂರು ಕೊಡಲು ರಿಜಿಸ್ಟ್ರಾರ್ ಇರುತ್ತಾರೆ. ಅಂಗಡಿ ಪಕ್ಕದವರದು ನೋಂದಣಿ ಆಗಿದೆಯಾ, ನಂಬರ್ ಕೇಳಿ. ಮುಖ ಸಣ್ಣಗೆ ಮಾಡಿದರೆ ಉತ್ತರ ಸಿಕ್ಕಿತು. ನೋಂದಣಿ ಆಗಿದ್ದರೂ, ಎರಡು ಲಕ್ಷದ ಚೀಟಿ ಇಪ್ಪತ್ತು ಜನರದ್ದಾದರೆ ತಿಂಗಳಿಗೆ ಹೆಚ್ಚುಕಡಿಮೆ 10,000. ನಿಮ್ಮ ಸಂಬಳದ ಮೂರರಲ್ಲಿ ಎರಡು ಭಾಗ. ಬೇಡ.

ಈಗ ನೀವು “ಹೇಳುವುದು ಮರೆತೆ” ಅಂದ ಸಾಲಿಗೆ ಬರುತ್ತೇನೆ. ನಿಮ್ಮ ಪತ್ರದ ಮುಖ್ಯ ಸಾಲು ಅದೇ. 30,000ಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ 900, ವರ್ಷಕ್ಕೆ 10,800. ನೂರಕ್ಕೆ 36ರ ಬಡ್ಡಿ ಕಟ್ಟುತ್ತಾ 6.7ರ ಬಡ್ಡಿಗೆ ದುಡ್ಡಿಡುವುದು ತೂತು ಬಿದ್ದ ಬಿಂದಿಗೆಗೆ ಲೋಟದಲ್ಲಿ ನೀರು ಸುರಿದ ಹಾಗೆ. 52 ವಾರದ ಆಟದ ಮೊದಲ ವರ್ಷದ ದುಡ್ಡು ಪೂರ್ತಿ ಈ ಅಸಲಿಗೇ ಹೋಗಲಿ. ಶೀಟಿನ ಮೇಲೆ ಹಾಗೇ ಬರೆಯಿರಿ, “ಸಾಲ ತೀರಿಸುವ ಆಟ”. ಮಕ್ಕಳಿಂದ ಮುಚ್ಚಿಡುವಂಥದ್ದೇನಿಲ್ಲ. ಮನೆಯಲ್ಲಿ ಚೂರು ಚಿನ್ನ ಇದ್ದರೆ ಬ್ಯಾಂಕಿನಲ್ಲಿ ಅಡವಿಟ್ಟು ಕೈಸಾಲ ಒಂದೇ ಸಲ ತೀರಿಸಬಹುದು. ಬ್ಯಾಂಕಿನ ಚಿನ್ನದ ಸಾಲದ ಬಡ್ಡಿ ಸಾಮಾನ್ಯವಾಗಿ ಇದರ ಮೂರನೇ ಒಂದು ಭಾಗದ ಆಸುಪಾಸು ಇರುತ್ತದೆ. ಆಗಲೂ 900 ಕಟ್ಟುವುದನ್ನು ನಿಲ್ಲಿಸಬೇಡಿ. 300 ಬಡ್ಡಿಗೆ ಹೋದರೆ 600 ಅಸಲಿಗೆ ಹೋಗುತ್ತದೆ. ಕಟ್ಟದೆ ಮರೆತರೆ ಮಾತ್ರ ಒಡವೆ ಹರಾಜಿಗೆ ಬರುತ್ತದೆ, ನೋಟಿಸು ಬಂದಾಗ ಕಣ್ಣೀರು ಹಾಕುತ್ತಾ ಬಂದವರನ್ನು ನಾನು ಜಾಸ್ತಿಯೇ ನೋಡಿದ್ದೇನೆ.

ಮಗಳಿಗೆ ಎಂಟು ವರ್ಷ ಅಂದಿರಿ. ಸುಕನ್ಯಾ ಸಮೃದ್ಧಿ ಖಾತೆ ಹತ್ತು ತುಂಬುವುದರೊಳಗೆ ತೆರೆಯಬೇಕು, ಆಮೇಲೆ ಆಗಲ್ಲ. ವರ್ಷಕ್ಕೆ 250 ರೂಪಾಯಿ ಹಾಕಿದರೂ ಖಾತೆ ಜೀವಂತ ಇರುತ್ತದೆ, ಈಗಿನ ಬಡ್ಡಿ 8.2. ಸಾಲ ತೀರುವವರೆಗೆ ಅಷ್ಟೇ ಹಾಕಿ. ಜನನ ಪ್ರಮಾಣಪತ್ರ, ನಿಮ್ಮ ಆಧಾರ್, ಪ್ಯಾನ್ ಹಿಡಿದು ಅಂಚೆ ಕಚೇರಿ ತೆರೆದಿರುವ ಒಂದು ದಿನ ಹೋಗಿ ಬನ್ನಿ.

ಯಜಮಾನರಿಗೆ ಈ ಉತ್ತರ ಪೂರ್ತಿ ಓದಿಸಬೇಡಿ, ಉದ್ದ ಆಯಿತು ಅಂತಾರೆ. ತಿಂಗಳಿಗೆ 900 ಎಲ್ಲಿಗೆ ಹೋಗುತ್ತಿದೆ ಅನ್ನುವ ಲೆಕ್ಕ ಮಾತ್ರ ತೋರಿಸಿ. ಸಂಜೆ ಗಾಡಿ ನಿಲ್ಲಿಸಿದ ಶಬ್ದ ಕೇಳಿದಾಗ “ಅಪ್ಪಾ, ಇವತ್ತಿನ ಬೋಣಿ ಎಲ್ಲಿ?” ಅಂತ ಕೇಳುವ ಕೆಲಸ ಮಗಳಿಗೆ ಕೊಡಿ.